20 ಸೆಕೆಂಡು, 10 ಸೆಕೆಂಡು ಮತ್ತು ಅಮ್ಮನ ಮಂಡಿ

ಹೋದ ವರ್ಷ ಒಂದು ಭಾನುವಾರ. ಬಿಸಿಬೇಳೆಬಾತ್ ಹೊಟ್ಟೆ ಬಿರಿಯ ತಿಂದು ಸೋಫಾದ ಮೇಲೆ ಬಿದ್ದುಕೊಂಡಿದ್ದೆ. ಆಗ ಬಂದ ನಮ್ಮ ಚಿಕ್ಕಮ್ಮನ ಮಗ. ಅವನು ಜಿಮ್ ಒಂದರಲ್ಲಿ ಟ್ರೇನರ್. ನನ್ನ ಹೊಟ್ಟೆ ಕಡೆ ಒಂದು ನೋಟ ಎಸೆದು, ಏನೂ ಹೇಳದೆ ಪಕ್ಕದಲ್ಲಿ ಕೂತ. (ಹೇಳಿದ್ರೆ ವಾಸಿ ಇತ್ತು.)

"ಅಣ್ಣಾ, ನಂಗೊಂದು ಎಕ್ಸೆಲ್ ಶೀಟ್ ಮಾಡ್ಕೊಡೋ" ಅಂದ.

ವಿಷಯ ಏನಪ್ಪಾ ಅಂದ್ರೆ, ಅವನ ಹತ್ತಿರ ನಲವತ್ತು ಚಿಲ್ಲರೆ ಕ್ಲೈಂಟುಗಳು. ಪ್ರತಿಯೊಬ್ಬರಿಗೂ ತಿಂಗಳಿಗೊಂದು ಪ್ಲಾನ್ ಬರೆದು ವಾಟ್ಸಾಪ್ ಮಾಡಬೇಕು. ರಾತ್ರಿ ಹತ್ತು ಗಂಟೆಗೆ ಮನೆಗೆ ಬಂದು, ಬೆಳಗ್ಗೆ ಐದಕ್ಕೆ ಮತ್ತೆ ಹೊರಡೋ ಮನುಷ್ಯ ಅದನ್ನೆಲ್ಲ ಯಾವಾಗ ಬರೀಬೇಕು? ವಯಸ್ಸು, ಗುರಿ, ವಾರಕ್ಕೆ ಎಷ್ಟು ದಿನ ಬರ್ತಾರೆ ಅಂತ ಹಾಕಿದ್ರೆ ಪ್ಲಾನ್ ತಾನಾಗೇ ಉದುರಬೇಕು ಅನ್ನೋದು ಅವನ ಆಸೆ.

ಇಂಥ ಕೆಲಸ ಅಂದ್ರೆ ನಂಗೆ ಭಾರೀ ಖುಷಿ. ಆಫೀಸಿನಲ್ಲಿ ಮೂರು ತಿಂಗಳು ಮೀಟಿಂಗ್ ಮಾಡಿ ಆಗದ್ದು ಇಲ್ಲಿ ಎರಡು ಗಂಟೆಯಲ್ಲಿ ಮುಗಿಯುತ್ತೆ. ಗುರಿ ತೂಕ ಇಳಿಸೋದು ಅಂತಿದ್ರೆ ಹಿಟ್, ಅಂದರೆ 20 ಸೆಕೆಂಡು ಜೀವ ಬಿಟ್ಟು ಮಾಡು, 10 ಸೆಕೆಂಡು ನಿಲ್ಲು, ಹೀಗೆ ಎಂಟು ಸಲ. ಸ್ನಾಯು ಬೆಳೆಸೋದು ಅಂತಿದ್ರೆ ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು ಅನ್ನೋ ಸ್ಪ್ಲಿಟ್. ಸ್ಟಾಮಿನಾ ಬೇಕು ಅಂದ್ರೆ ಸರ್ಕಿಟ್. ಒಂದರೊಳಗೊಂದು ಇಫ್ ಕಂಡೀಷನ್ ಹಾಕಿದೆ, ಮುಗೀತು. ವಯಸ್ಸು 50 ದಾಟಿದ್ರೆ ಎಂಟು ಸುತ್ತಿನ ಬದಲು ಆರು ಸುತ್ತು ಅಂತಲೂ ಹಾಕಿ, ಎಷ್ಟು ಮಾನವೀಯ ಪ್ರೋಗ್ರಾಮರ್ ನಾನು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ :-)

ಅದೇ ವಾರ ಅಮ್ಮನ ರಕ್ತಪರೀಕ್ಷೆ ರಿಪೋರ್ಟ್ ಬಂತು. ಅಮ್ಮನಿಗೆ 57. ಖಾಲಿ ಹೊಟ್ಟೆಯ ಸಕ್ಕರೆ 112. ಡಯಾಬಿಟಿಸ್ ಅಲ್ಲ, ಆದರೆ ಅದರ ಬಾಗಿಲ ಹತ್ತಿರ. ಡಾಕ್ಟರು "ನಡೀರಿ, ಸ್ವಲ್ಪ ಮಾಂಸಖಂಡಗಳಿಗೂ ಕೆಲಸ ಕೊಡಿ, ತೂಕ ಇಳಿಸಿ" ಅಂದ್ರು. ಕೈಯಲ್ಲೇ ಶೀಟ್ ಇದೆಯಲ್ಲ! ವಯಸ್ಸು 57, ಗುರಿ ತೂಕ ಇಳಿಕೆ, ದಿನ ಮೂರು. ಎಂಟರ್ ಒತ್ತಿದೆ. ಪ್ಲಾನ್ ಬಂತು. ಹಾರಿ ಹಾರಿ ಬಸ್ಕಿ, ಬರ್ಪಿ, ನಿಂತಲ್ಲೇ ಮಂಡಿ ಎತ್ತಿ ಓಡೋದು. ಆರೇ ಆರು ಸುತ್ತು, ಯಾಕಂದ್ರೆ ನಾನು ಮಾನವೀಯ.

ಅಮ್ಮ ಹಾಲ್‌ನಲ್ಲಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಶುರು ಮಾಡಿದಳು. ಮೊಬೈಲ್ ಬೀಪ್ ಅಂದಾಗ ಹಾರೋದು, ಮತ್ತೆ ಬೀಪ್ ಅಂದಾಗ ನಿಲ್ಲೋದು. ಮೊದಲ ದಿನ ನಗ್ತಾ ಮಾಡಿದಳು. ಎರಡನೇ ದಿನ ನಗಲಿಲ್ಲ. ಮೂರನೇ ದಿನ ನಾಲ್ಕನೇ ಸುತ್ತಿನಲ್ಲಿ ಕೆಳಗೆ ಕೂತವಳು ಎದ್ದೇಳೋಕ್ಕಾಗದೆ ಟೀಪಾಯಿ ಹಿಡಿದುಕೊಂಡಳು. ಬೀಪ್ ಮಾತ್ರ ತನ್ನ ಪಾಡಿಗೆ ತಾನು ಹೊಡ್ಕೊಳ್ತಾನೇ ಇತ್ತು. ಸಂಜೆಗೆ ಬಲಮಂಡಿ ಊದಿತ್ತು.

ಒಳಗೆ ಏನೂ ಹರಿದಿಲ್ಲ, ಎರಡು ವಾರ ವಿಶ್ರಾಂತಿ ಸಾಕು ಅಂದ್ರು ಡಾಕ್ಟರು. ಮಂಡಿ ಎರಡು ವಾರದಲ್ಲಿ ಸರಿ ಹೋಯ್ತು ಕೂಡ. ಸರಿ ಹೋಗದೆ ಇದ್ದಿದ್ದು ಬೇರೆ. "ವ್ಯಾಯಾಮ ಎಲ್ಲ ನನ್ನ ಕೈಲಾಗಲ್ಲ ಬಿಡಪ್ಪಾ, ಅದು ನಿಮ್ಮಂಥವರಿಗೆ" ಅಂದುಬಿಟ್ಟಳು. ನಾಲ್ಕು ತಿಂಗಳು ಬೆಳಗಿನ ವಾಕಿಂಗ್ ಕೂಡ ಹೋಗಲಿಲ್ಲ. ಯಾವ ವ್ಯಾಯಾಮ ಅವಳ ಕೈಲಿ ಖಂಡಿತ ಆಗ್ತಿತ್ತೋ ಅದನ್ನೂ ಕೈಲಾಗಲ್ಲ ಅಂತ ಅವಳಿಗೆ ಒಪ್ಪಿಸಿದ್ದು ನನ್ನ ಎಕ್ಸೆಲ್ ಶೀಟ್. ಅದು ನನ್ನನ್ನ ಈಗಲೂ ಚುಚ್ಚುತ್ತೆ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ಪರೀಕ್ಷೆ ಮುಗಿದ ಮೇಲೆ ಪುಸ್ತಕ ತೆಗೆಯೋದು ಇಂಜಿನಿಯರಿಂಗ್ ದಿನಗಳಿಂದ ಬಂದ ಅಭ್ಯಾಸ.

ಆ 20-10 ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡಕ್ಕೆ ಕೋಯಿಚಿ ಇರಿಸಾವ ಅನ್ನೋ ಕೋಚ್ ಮಾಡಿಸ್ತಿದ್ದ ತರಬೇತಿ ಅದು. ಅದನ್ನ ಪ್ರಯೋಗಾಲಯಕ್ಕೆ ತಂದು ಅಳೆದವರು ಇಜುಮಿ ತಬಾತ. ಪ್ರಬಂಧ ಪ್ರಕಟವಾಗಿದ್ದು 1996ರಲ್ಲಿ. ಅದರಲ್ಲಿ ಭಾಗವಹಿಸಿದವರು ದೈಹಿಕ ಶಿಕ್ಷಣ ಓದ್ತಿದ್ದ, ಮೊದಲೇ ಕ್ರೀಡೆಯಲ್ಲಿ ಪಳಗಿದ್ದ ಹುಡುಗರು. ಅವರು ಹಾರಿದ್ದೂ ಇಲ್ಲ, ಬರ್ಪಿ ಹೊಡೆದದ್ದೂ ಇಲ್ಲ. ಕೂತು ತುಳಿಯೋ ಸೈಕಲ್ ಯಂತ್ರ! ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದೋ ಆ ಮಟ್ಟದ ಶ್ರಮದ 170 ಪ್ರತಿಶತ ಬಲದಲ್ಲಿ ತುಳಿಯಬೇಕು. ಪೆಡಲ್ ವೇಗ ನಿಮಿಷಕ್ಕೆ 85 ಸುತ್ತಿಗಿಂತ ಕೆಳಗೆ ಬಿದ್ರೆ ಆಟ ಮುಗೀತು. ಏಳೆಂಟು ಸುತ್ತಿಗೆ ಆ ಹುಡುಗರೇ ಸುಸ್ತು.

ಆರು ವಾರ ಆದ ಮೇಲೆ ಅವರ ಆಮ್ಲಜನಕ ಬಳಸೋ ಸಾಮರ್ಥ್ಯವೂ ಏರಿತ್ತು, ಆಮ್ಲಜನಕ ಸಾಲದೆ ಇದ್ದಾಗ ಕೆಲಸ ಮಾಡೋ ಸಾಮರ್ಥ್ಯ 28 ಪ್ರತಿಶತ ಹೆಚ್ಚಿತ್ತು. ಒಂದೇ ಏಟಿಗೆ ಎರಡು ಹಕ್ಕಿ, ಅದಕ್ಕೇ ಅದು ಅಷ್ಟು ಪ್ರಸಿದ್ಧವಾಗಿದ್ದು. ಒಳ್ಳೆ ಕೆಲಸವೇ. ಆದ್ರೆ ತೂಕ ಇಳಿಸೋದು ಆ ಪ್ರಯೋಗದ ಪ್ರಶ್ನೆಯೇ ಆಗಿರಲಿಲ್ಲ. ನಾವು ಅದರಿಂದ ತಗೊಂಡಿದ್ದು ಎರಡೇ ಎರಡು ಅಂಕಿ, 20 ಮತ್ತು 10. ಸೈಕಲ್ ಬಿಟ್ವಿ, 170 ಬಿಟ್ವಿ, ಹುಡುಗರನ್ನೂ ಬಿಟ್ವಿ. ಸ್ಟ್ಯಾಕ್ ಓವರ್‌ಫ್ಲೋದಿಂದ ಉತ್ತರ ಕಾಪಿ ಮಾಡಿ, ಪ್ರಶ್ನೆ ಓದದೇ ಪೇಸ್ಟ್ ಮಾಡೋ ಹಾಗೆ. ಅದರಲ್ಲಿ ನನಗೆ ಅನುಭವ ಇದೆ, ಬಿಡಿ.

ಇನ್ನೊಂದು ಓದಿದಾಗ ಮಾತ್ರ ನಿಜಕ್ಕೂ ನಾಚಿಕೆ ಆಯ್ತು. ಮೂರು ಸೆಟ್, ಸೆಟ್ಟಿಗೆ ಹತ್ತು. ಜಿಮ್‌ಗೆ ಒಂದು ದಿನ ಹೋದವರಿಗೂ ಗೊತ್ತಿರೋ, ಇನ್‌ಸ್ಟಾಗ್ರಾಮ್‌ನಲ್ಲಿ ಯಾರೂ ಹೊಗಳದ, ಅಜ್ಜನ ಕಾಲದ ಫಾರ್ಮ್ಯಾಟ್. ಇದನ್ನ ನಾನು ಶೀಟ್‌ನಲ್ಲಿ ಎಲ್ಲೂ ಹಾಕಿರಲಿಲ್ಲ, ಬೋರಿಂಗ್ ಅಂತ. ಇದರ ಬೇರು ಎರಡನೇ ಮಹಾಯುದ್ಧದ ಕಾಲದ ಅಮೆರಿಕಾದ ಮಿಲಿಟರಿ ಆಸ್ಪತ್ರೆಯಲ್ಲಿದೆ. ಥಾಮಸ್ ಡಿಲಾರ್ಮ್ ಅಂತ ಒಬ್ಬ ವೈದ್ಯ, ಶಿಕಾಗೋದ ಗಾರ್ಡಿನರ್ ಆಸ್ಪತ್ರೆಯಲ್ಲಿದ್ದ. ಗಾಯಗೊಂಡು ಬಂದ ಸೈನಿಕರ ತೊಡೆ ಸೊರಗಿ ಹೋಗಿರ್ತಿತ್ತು. ಆಗಿನ ಪದ್ಧತಿ ಅಂದ್ರೆ ಹಗುರವಾಗಿ ಬಹಳ ಸಲ ಮಾಡಿಸೋದು. ಡಿಲಾರ್ಮ್ ಅದನ್ನ ಬಿಟ್ಟು ಭಾರ ಕೊಟ್ಟ, ಹತ್ತು ಸಲ ಎತ್ತೋಕೆ ಆಗೋ ಭಾರ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸ್ತಾ. 1945ರಲ್ಲಿ ಅದನ್ನ ಬರೆದ. ಮೊದಲು ಏಳರಿಂದ ಹತ್ತು ಸೆಟ್ ಮಾಡಿಸ್ತಿದ್ದವನು, 1948ರ ಹೊತ್ತಿಗೆ ವಾಟ್ಕಿನ್ಸ್ ಜೊತೆ ಸೇರಿ ಅಷ್ಟೆಲ್ಲ ಬೇಡ, ಮೂರು ಸಾಕು ಅಂದ. ಮೊದಲ ಸೆಟ್ಟಿಗೆ ಅರ್ಧ ಭಾರ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ.

ಅಂದ್ರೆ ಸೊರಗಿದ ತೊಡೆಗೆ, ನೋಯೋ ಮಂಡಿಗೆ ಅಂತಲೇ ಬೆಳೆದ ಪದ್ಧತಿ ಒಂದು ಇತ್ತು. ಅದನ್ನ ನಾನು ಬೋರಿಂಗ್ ಅಂತ ಬಿಟ್ಟು, ಸ್ಕೇಟಿಂಗ್ ತಂಡದ್ದನ್ನ ತಂದು ಅಮ್ಮನಿಗೆ ಕೊಟ್ಟಿದ್ದೆ.

ಇಲ್ಲಿಂದ ನನಗೊಂದು ಹುಚ್ಚು ಹಿಡೀತು. ಪ್ರತಿ ಫಾರ್ಮ್ಯಾಟ್ ನೋಡಿದಾಗಲೂ, ಇದು ಯಾರ ತೊಂದರೆಗೆ ಹುಟ್ಟಿದ್ದು ಅಂತ ಕೇಳೋದು. ಸರ್ಕಿಟ್ ತಗೊಳ್ಳಿ. 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ರೂಪಿಸಿದ್ದು. ಇರೋ ಜಾಗದಲ್ಲಿ, ಇರೋ ಸಮಯದಲ್ಲಿ, ಒಂದು ದಂಡು ವಿದ್ಯಾರ್ಥಿಗಳಿಗೆ ಒಟ್ಟಿಗೆ ವ್ಯಾಯಾಮ ಆಗಬೇಕು. ಒಬ್ಬರಾದ ಮೇಲೆ ಒಬ್ಬರು ಜಾಗ ಬದಲಿಸ್ತಾ ಸುತ್ತೋದು. ಈಗ ಬೆಂಗಳೂರಿನ ಜಿಮ್ ನೆನೆಸಿಕೊಳ್ಳಿ. ಬೆಳಗ್ಗೆ ಆರೂವರೆ ಬ್ಯಾಚು, ಇಪ್ಪತ್ತು ಜನ, ಒಬ್ಬ ಟ್ರೇನರ್, ನಾಲ್ಕು ಜೊತೆ ಡಂಬೆಲ್ಸು. ಸರ್ಕಿಟ್ ಬಿಟ್ರೆ ಬೇರೆ ದಾರಿ ಇಲ್ಲ. ಇದರಲ್ಲಿ ತಪ್ಪೇನಿಲ್ಲ. ತಪ್ಪು ಯಾವುದು ಅಂದ್ರೆ, ಜನ ಜಾಸ್ತಿ ಜಾಗ ಕಮ್ಮಿ ಅನ್ನೋ ಜಿಮ್ಮಿನ ಕಷ್ಟಕ್ಕೆ ಆರಿಸಿದ ಫಾರ್ಮ್ಯಾಟನ್ನ "ನಿಮ್ಮ ಗುರಿಗೆ ಅಂತಲೇ ವಿನ್ಯಾಸ ಮಾಡಿದ್ದು ಸಾರ್" ಅಂತ ಮಾರೋದು. ಅದೂ ಅಲ್ಲದೆ ಲೀಡ್ಸಿನ ಮೂಲ ಪದ್ಧತಿಯಲ್ಲಿ ಒಬ್ಬೊಬ್ಬರದೂ ಅವರವರ ಶಕ್ತಿ ಪರೀಕ್ಷಿಸಿ ಲೆಕ್ಕ ಕೊಡ್ತಿದ್ರು. ಇಲ್ಲಿ ಎಲ್ಲರಿಗೂ ಒಂದೇ ವಿಸಿಲ್ಲು.

ಈಮಾಮ್ ಅಂತ ಒಂದಿದೆ, ಕೇಳಿರಬಹುದು. ಪ್ರತಿ ನಿಮಿಷದ ಶುರುವಿಗೆ ಇಷ್ಟು ಸಲ ಮಾಡು, ನಿಮಿಷದಲ್ಲಿ ಉಳಿದದ್ದು ವಿಶ್ರಾಂತಿ. ನೋಡೋಕೆ ತುಂಬಾ ನ್ಯಾಯವಾಗಿ ಕಾಣುತ್ತೆ. ಎಲ್ಲರಿಗೂ ಒಂದೇ ಗಡಿಯಾರ. ಈಗ ಹತ್ತು ಬಸ್ಕಿ ಅಂತಿಟ್ಟುಕೊಳ್ಳಿ. ಗಟ್ಟಿಮುಟ್ಟಾದ ಹುಡುಗ 20 ಸೆಕೆಂಡಿಗೆ ಮುಗಿಸಿ 40 ಸೆಕೆಂಡು ನೀರು ಕುಡೀತಾನೆ. ಹೊಸದಾಗಿ ಸೇರಿದವರಿಗೆ 45 ಸೆಕೆಂಡು ಬೇಕು, ಉಳಿದದ್ದು 15. ಸುಸ್ತಾದ ಹಾಗೆ 55 ಸೆಕೆಂಡು ಬೇಕಾಗುತ್ತೆ, ಆಗ ಉಳಿಯೋದು 5. ಅಂದ್ರೆ ಯಾರಿಗೆ ವಿಶ್ರಾಂತಿ ಬೇಡವೋ ಅವರಿಗೆ ದಂಡಿಯಾಗಿ ಸಿಗುತ್ತೆ, ಯಾರಿಗೆ ಬೇಕೋ ಅವರ ಕೈಯಿಂದ ಕಿತ್ತುಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ನಿಮಿಷಕ್ಕೊಂದು ಸಲ ಓಡೋ ಕ್ರಾನ್ ಜಾಬ್. ಕೆಲಸ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಹಿಂದಿನದು ಮುಗಿಯೋ ಮೊದಲೇ ಮುಂದಿನದು ಶುರು, ಆಮೇಲೆ ಸರ್ವರ್ ಮಕಾಡೆ. ನಾವು ಲಾಕ್ ಫೈಲ್ ಹಾಕಿ ಬಚಾವಾಗ್ತೀವಿ. ಕ್ಲೈಂಟ್ ಮೈಗೆ ಲಾಕ್ ಫೈಲ್ ಎಲ್ಲಿ ಹಾಕೋದು?

ಅದೇ ಈಮಾಮ್ ಅನುಭವಸ್ಥನಿಗೆ ಕೊಟ್ಟರೆ ಚಿನ್ನದಂಥ ಫಾರ್ಮ್ಯಾಟ್. ಸೆಟ್ ಮಧ್ಯೆ ಮೊಬೈಲ್ ನೋಡ್ತಾ ಹತ್ತು ನಿಮಿಷ ಕಳೆಯೋ ನನ್ನಂಥವನಿಗೂ ಒಳ್ಳೇದೇ, ಭಾರ ಹಗುರ ಇಟ್ಟು, ಸಂಖ್ಯೆ ಕಮ್ಮಿ ಇಟ್ಟು.

ಇಷ್ಟು ಸಮಯದಲ್ಲಿ ಎಷ್ಟು ಸುತ್ತು ಆಗುತ್ತೋ ಅಷ್ಟು ಮಾಡು ಅನ್ನೋದು ಇನ್ನೊಂದು, ಆಮ್ರ್ಯಾಪ್ ಅಂತಾರೆ. 2000ದಲ್ಲಿ ಶುರುವಾದ ಕ್ರಾಸ್‌ಫಿಟ್‌ನಿಂದ ಮನೆಮಾತಾಗಿದ್ದು. ಕಾಗದದ ಮೇಲೆ ಇದು ಈಮಾಮ್‌ಗಿಂತ ದಯಾಳು, ನಿಮ್ಮ ವೇಗ ನಿಮ್ಮದು. ಆದ್ರೆ ಗೋಡೆ ಮೇಲೆ ಬೋರ್ಡ್ ಹಾಕಿ ಹೆಸರಿನ ಮುಂದೆ ಸುತ್ತಿನ ಸಂಖ್ಯೆ ಬರೆದ ಕ್ಷಣ ದಯೆ ಎಲ್ಲ ಹೋಯ್ತು. ಪಕ್ಕದವನು ಒಂಬತ್ತು, ನಾನು ಏಳು. ಮುಂದಿನ ಸಲ ಅರ್ಧಂಬರ್ಧ ಬಸ್ಕಿ ಹೊಡೆದಾದ್ರೂ ಹತ್ತು ಮಾಡ್ತೀನಿ. ಮಾಡಿದ್ದೇನೆ ಕೂಡ. ಹೀಗಾಗಿ ದಂಡ, ಬಸ್ಕಿ, ಹಗ್ಗ ಹಾರೋದು ಇಂಥ ಸುಲಭದವಕ್ಕೆ ಸರಿ. ನೆಲದಿಂದ ಭಾರದ ಬಾರ್ ಎತ್ತೋದು, ತಲೆ ಮೇಲೆ ಎತ್ತಿ ಹಿಡಿಯೋದು, ಇವನ್ನ ಹೊಸಬರಿಗೆ ಗಡಿಯಾರದ ಕೆಳಗೆ ಮಾಡಿಸೋದು ಬೇಡವೇ ಬೇಡ. ಸುಸ್ತಾದ ಮೇಲೆ ಮೊದಲು ಕೆಡೋದೇ ಭಂಗಿ.

ಆಮೇಲೆ ಸ್ಪ್ಲಿಟ್. ಇದರ ಬಗ್ಗೆ ನನಗೆ ಸ್ವಂತ ಸೇಡು ಇದೆ. ಎರಡು ವರ್ಷ ಐದು ದಿನದ ಸ್ಪ್ಲಿಟ್ ಮಾಡಿದೆ. ಮಾಡಿದೆ ಅನ್ನೋದಕ್ಕಿಂತ ಮಾಡೋಕೆ ಹೊರಟೆ. ಬುಧವಾರ ಕಾಲಿನ ದಿನ. ನಮ್ಮ ಟೀಮಿನ ರಿಲೀಸ್ ಕೂಡ ಬುಧವಾರ ರಾತ್ರಿ! ಒಂದು ಬುಧವಾರ ತಪ್ಪಿದ್ರೆ ಕಾಲಿಗೆ ಹದಿನಾಲ್ಕು ದಿನ ರಜೆ. ಕಾಲಿನ ದಿನ ಅಂದ್ರೆ ನನಗೂ ಒಳಗೊಳಗೆ ಸೋಮಾರಿತನ, ಆದ್ದರಿಂದ ರಿಲೀಸ್ ಇಲ್ಲದ ಬುಧವಾರವೂ ಏನೋ ಒಂದು ನೆಪ. ಎರಡು ವರ್ಷ ಆದ ಮೇಲೆ ಮೇಲೆ ಪೈಲ್ವಾನ, ಕೆಳಗೆ ಕೊಕ್ಕರೆ. ಫೋಟೋ ಹಾಕಲ್ಲ, ಕೇಳಬೇಡಿ.

ಅದೇ ವಾರಕ್ಕೆ ಮೂರು ದಿನ, ಪ್ರತಿ ದಿನವೂ ಇಡೀ ಮೈಗೆ ಅಂತಿದ್ರೆ? ಒಂದು ದಿನ ತಪ್ಪಿದ್ರೆ ಎಲ್ಲದರಲ್ಲೂ ಮೂರನೇ ಒಂದು ಭಾಗ ಹೋಗುತ್ತೆ, ಯಾವುದೂ ಪೂರ್ತಿ ಹೋಗಲ್ಲ. ಒಂದು ಸರ್ವರ್ ಬಿದ್ದರೂ ಸೈಟ್ ನಡೀತಿರಬೇಕು ಅಂತ ದಿನಾ ಆಫೀಸಿನಲ್ಲಿ ಭಾಷಣ ಹೊಡೆಯೋ ನನಗೆ ಇದು ಎರಡು ವರ್ಷ ಹೊಳೀಲಿಲ್ಲ ನೋಡಿ. ವಾರದ ಒಟ್ಟು ಸೆಟ್ಟುಗಳು ಸಮ ಇದ್ದರೆ, ಅದನ್ನ ಎಷ್ಟು ದಿನಕ್ಕೆ ಹಂಚಿದ್ರಿ ಅನ್ನೋದರಿಂದ ಸ್ನಾಯು ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸ ಆಗಲ್ಲ ಅಂತ ಈಗಿನ ಅಧ್ಯಯನಗಳೂ ಹೇಳ್ತವೆ. ಹಾಗಾದ್ರೆ ಐದು ದಿನ ಯಾರಿಗೆ? ನಿಜಕ್ಕೂ ಐದು ದಿನ ಬರೋರಿಗೆ. ಐದು ದಿನ ಬರ್ತೀನಿ ಅಂತ ಜನವರಿ 1ನೇ ತಾರೀಕು ಹೇಳೋರಿಗಲ್ಲ.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ನಮ್ಮ ಟ್ರೇನರ್ ಸಾಹೇಬರ ಹತ್ತಿರ ಹೋದೆ. ಭಾಷಣ ಮುಗಿಯೋವರೆಗೂ ಸುಮ್ಮನೆ ಕೇಳಿದ. ಆಮೇಲೆ, "ಅಣ್ಣಾ, ನೀನು ಹೇಳೋದೆಲ್ಲ ನಂಗೂ ಗೊತ್ತು. ಮೂರು ಸೆಟ್ ಹತ್ತು ಅಂತ ಬರ್ಕೊಟ್ರೆ ಎರಡನೇ ತಿಂಗಳು ಯಾರೂ ದುಡ್ಡು ಕೊಡಲ್ಲ. ಇದನ್ನ ಯೂಟ್ಯೂಬ್ ನೋಡ್ಕೊಂಡು ನಾನೇ ಮಾಡ್ತೀನಿ ಅಂತಾರೆ. ಬೆವರು ಸುರೀಬೇಕು, ಹಾಡು ಜೋರಾಗಿರಬೇಕು, ಮಾರನೇ ದಿನ ಮೈ ನೋಯಬೇಕು. ಆಗ್ಲೇ ಅವರಿಗೆ ಕೊಟ್ಟ ದುಡ್ಡು ವಸೂಲಾಯ್ತು ಅನ್ಸೋದು. ಕ್ಲೈಂಟ್ ಬಿಟ್ರೆ ನಂಗೆ ಕಮಿಷನ್ ಇಲ್ಲ" ಅಂದ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೂರ್ತಿ ಈಗಲೂ ಇಲ್ಲ. ಸಂಬಳ ತಿಂಗಳ ಕೊನೆಗೆ ತಾನಾಗೇ ಬಂದು ಬೀಳೋ ನಾನು, ಕ್ಲೈಂಟ್ ಎಣಿಸಿ ಬಾಡಿಗೆ ಕಟ್ಟೋ ಅವನಿಗೆ ನೀತಿ ಹೇಳೋದು ಸುಲಭ. ಅವನ ಮಾತಲ್ಲಿ ಸತ್ಯವೂ ಇದೆ. ಬೋರಾಗಿ ಬಿಟ್ಟುಬಿಟ್ಟ ಒಳ್ಳೇ ಪ್ಲಾನಿಗಿಂತ ಖುಷಿಯಿಂದ ಮಾಡೋ ಸಾಧಾರಣ ಪ್ಲಾನ್ ಎಷ್ಟೋ ವಾಸಿ. 25 ವರ್ಷದ ಹುಡುಗ ಹುಡುಗಿಯರು, ರಾತ್ರಿ ಸರಿಯಾಗಿ ನಿದ್ದೆ ಮಾಡೋರು, ಮೈಕೈ ನೋವಿಲ್ಲದವರು, ಹಿಟ್ ಅಂದ್ರೆ ಕುಣಿಯೋರು ಇದ್ದಾರೆ. ಕೊಡ್ಲಿ, ಯಾರು ಬೇಡ ಅಂದ್ರು?

ಆದ್ರೆ ಅವನ ವಾದದಲ್ಲಿ ಒಂದು ತೂತಿದೆ. ಅವನು ಎಣಿಸೋದು ಬೋರಾಗಿ ಬಿಟ್ಟವರನ್ನ ಮಾತ್ರ. ಅಮ್ಮನ ಥರ ಮೂರನೇ ದಿನಕ್ಕೆ ಹೆದರಿ ಬಿಟ್ಟವರು ಬೋರಾಯ್ತು ಅಂತ ಬಂದು ಹೇಳಲ್ಲ. ಮದುವೆ ಇತ್ತು, ಊರಿಗೆ ಹೋಗಿದ್ದೆ, ಹುಷಾರಿರಲಿಲ್ಲ ಅಂತಾರೆ. ಇಲ್ಲಾ ಫೋನೇ ಎತ್ತಲ್ಲ. ಎರರ್ ಲಾಗ್‌ನಲ್ಲಿ ಬರದ ಕ್ರ್ಯಾಶ್ ಅದು. ಇದನ್ನ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲ್ ತೆಗೆದು ಹಳೇ ಕ್ಲೈಂಟುಗಳ ಹೆಸರು ನೋಡ್ತಾ ಕೂತ. ಏನು ಯೋಚನೆ ಮಾಡಿದ ಅಂತ ಕೇಳಲಿಲ್ಲ.

ಮಧ್ಯೆ ಒಂದು ಮಾತು. ದೂರದಲ್ಲಿ ಕೂತು ಪ್ಲಾನ್ ಕಳಿಸೋದು ಈ ವಾಟ್ಸಾಪ್ ಕಾಲದ ಕಸುಬು ಅಂದ್ಕೊಂಡಿದ್ದೆ. "ಶಾಂತಲಾ" ಕಾದಂಬರಿ ಬರೆದ ಕೆ.ವಿ. ಅಯ್ಯರ್ ಗೊತ್ತಲ್ಲ, ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸ್ತಿದ್ದ ವ್ಯಾಯಾಮಪಟು. ಸ್ವಾತಂತ್ರ್ಯಕ್ಕೆ ಮುಂಚೆಯೇ ಅಂಚೆ ಮೂಲಕ ವ್ಯಾಯಾಮದ ಪಾಠ ಕಳಿಸ್ತಿದ್ರು! ಕಾದಂಬರಿಕಾರ, ಬಾಡಿ ಬಿಲ್ಡರ್, ಆನ್‌ಲೈನ್ ಕೋಚ್, ಎಲ್ಲ ಒಬ್ಬರೇ. ನಮ್ಮಲ್ಲಿ ಬರೆಯೋರಿಗೆಲ್ಲ ಬೆನ್ನುನೋವು ಒಂದೇ ಆಸ್ತಿ :-(

ಇರಲಿ, ಅಮ್ಮನ ವಿಷಯಕ್ಕೆ ಬರ್ತೀನಿ.

ಇಂಟರ್‌ವಲ್ ಅಂದ್ರೇನೇ ವಯಸ್ಸಾದವರಿಗೆ ಅಲ್ಲ, ಅವರಿಗೆ ಹಗುರ ಹಗುರ ಅಂತ ತೀರ್ಮಾನಕ್ಕೆ ಬಂದುಬಿಟ್ಟಿದ್ದೆ. ಅದೂ ತಪ್ಪು. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಸರಾಸರಿ ವಯಸ್ಸು ಎಪ್ಪತ್ತು ದಾಟಿದ್ದ, ಹೃದಯ ದುರ್ಬಲವಾಗಿದ್ದ ರೋಗಿಗಳಿಗೆ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ ಇಳಿಜಾರು ಟ್ರೆಡ್‌ಮಿಲ್ ಮೇಲೆ ನಡೆಸಿ 2007ರಲ್ಲಿ ಒಳ್ಳೇ ಫಲಿತಾಂಶ ಪ್ರಕಟಿಸಿದ್ದಾರೆ. ಮೇಲುಸ್ತುವಾರಿ ಇತ್ತು ಅನ್ನಿ. ಅದೇ ವರ್ಷ ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು ನಡುವಯಸ್ಸು ದಾಟಿದವರ ಮೇಲೆ ಮಾಡಿದ ಪ್ರಯೋಗ ಇನ್ನೂ ಸರಳ. ಮೂರು ನಿಮಿಷ ಬಿರುಸಿನ ನಡಿಗೆ, ಮೂರು ನಿಮಿಷ ನಿಧಾನ ನಡಿಗೆ, ಐದು ಸಲ ಅಥವಾ ಜಾಸ್ತಿ, ವಾರಕ್ಕೆ ನಾಲ್ಕು ದಿನ. ಐದು ತಿಂಗಳಲ್ಲಿ ತೊಡೆಯ ಬಲ ಹೆಚ್ಚಿ, ರಕ್ತದೊತ್ತಡ ಇಳಿದಿತ್ತು. ಒಂದೇ ವೇಗದಲ್ಲಿ ನಡೆದವರಿಗೆ ಅಷ್ಟು ಲಾಭ ಆಗಿರಲಿಲ್ಲ.

ಅಂದ್ರೆ ಅಮ್ಮನಿಗೆ ಇಂಟರ್‌ವಲ್ ಕೊಟ್ಟಿದ್ದು ತಪ್ಪಲ್ಲ. ಯಾವ ಚಲನೆಗೆ, ಎಷ್ಟು ಉದ್ದದ ಇಂಟರ್‌ವಲ್ ಅಂತ ಯೋಚಿಸದೇ ಇದ್ದದ್ದು ತಪ್ಪು. 20 ಸೆಕೆಂಡಿಗೆ ಲಾಭ ಬರಬೇಕು ಅಂದ್ರೆ ಜೀವ ಹೋಗೋ ಹಾಗೆ ಮಾಡಲೇಬೇಕು. ಮೂರು ನಿಮಿಷಕ್ಕೆ ಹಾಗೇನಿಲ್ಲ, ಮಾತಾಡೋಕೆ ಸ್ವಲ್ಪ ಕಷ್ಟ ಆಗೋವಷ್ಟು ಬಿರುಸು ಸಾಕು. ಒಂದು ಪಾದ ಯಾವಾಗಲೂ ನೆಲದ ಮೇಲಿರುತ್ತೆ, ಮಂಡಿಗೆ ಹಾರಿ ಬೀಳೋ ಏಟಿಲ್ಲ.

ಅಮ್ಮನನ್ನ ಒಪ್ಪಿಸೋದೇ ದೊಡ್ಡ ಕಥೆ. ವ್ಯಾಯಾಮ ಅನ್ನೋ ಪದವೇ ಬಾಯಿಂದ ಬರದ ಹಾಗೆ ಎಚ್ಚರಿಕೆ ವಹಿಸಿದೆ. ಸಂಜೆ ಪಾರ್ಕಿಗೆ ನಾನೂ ಬರ್ತೀನಿ, ಜೊತೆಗೆ ನಡಿಯೋಣ ಅಂದೆ. ಮೂರು ನಿಮಿಷದ ಲೆಕ್ಕಕ್ಕೆ ಮೊಬೈಲ್ ಬೀಪ್ ಇಡಲಿಲ್ಲ, ಆ ಶಬ್ದ ಕೇಳಿದ್ರೆ ಅವಳಿಗೆ ಮಂಡಿ ನೆನಪಾಗುತ್ತೆ. ಗೇಟಿನಿಂದ ಗಣಪತಿ ಗುಡಿವರೆಗೆ ಬಿರುಸು, ಗುಡಿಯಿಂದ ಗೇಟಿನವರೆಗೆ ಆರಾಮು. ಗುಡಿ ಹತ್ತಿರ ನಿಂತು ಕೈ ಮುಗಿಯೋ ಸಮಯ ಬೋನಸ್ ವಿಶ್ರಾಂತಿ. ಬಿರುಸಿನ ನಡಿಗೆಯಲ್ಲಿ ಅಮ್ಮ ಸೊಸೆಯ ಹುಡುಕಾಟದ ವಿಷಯ ತೆಗೆಯೋಕೆ ಆಗಲ್ಲ, ಉಸಿರು ಸಾಲಲ್ಲ. ನಿಧಾನದ ನಡಿಗೆಯಲ್ಲಿ ತೆಗೀತಾಳೆ. ಹೀಗಾಗಿ ತೀವ್ರತೆ ಅಳೆಯೋಕೆ ಬೇರೆ ಯಂತ್ರ ಬೇಕಾಗಲಿಲ್ಲ.

ಮಂಗಳವಾರ, ಶುಕ್ರವಾರ ಮನೆಯಲ್ಲಿ ಬಲದ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂಡ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ ಅನ್ನುತ್ತೆ. ನಮ್ಮದು ಡಿಲಾರ್ಮ್ ಸಾಹೇಬರ ಹಳೇ ಮೂರು ಸೆಟ್ಟು. ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಏಳೋದು, ಕೂರೋದು. ಮೊದಲ ವಾರ ಕುರ್ಚಿ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದ್ವಿ, ಹತ್ತು ಸಲ ಸಲೀಸಾದಾಗ ಒಂದು ದಿಂಬು ತೆಗೆದ್ವಿ, ಆಮೇಲೆ ಇನ್ನೊಂದು. ಗೋಡೆಗೆ ಕೈಯಿಟ್ಟು ದಂಡ. ಅರ್ಧ ಬಕೆಟ್ ನೀರು ಹಿಡಿದು ಹಜಾರದ ಈ ತುದಿಯಿಂದ ಆ ತುದಿ. ಒಂದು ಸೆಟ್ ಆದ ಮೇಲೆ ಅವಳಿಗೆ ಉಸಿರು ಸಮ ಆಗೋವರೆಗೂ ವಿಶ್ರಾಂತಿ, ಒಂದು ನಿಮಿಷ ಆಗಲಿ ಮೂರು ನಿಮಿಷ ಆಗಲಿ. ಆ ಹೊತ್ತಲ್ಲಿ ಒಗ್ಗರಣೆ ಹಾಕಿ ಬಂದ ದಿನಗಳೂ ಇವೆ.

ಇದಕ್ಕೆ ಏನು ಹೆಸರು? ಯಾವ ಹ್ಯಾಶ್‌ಟ್ಯಾಗೂ ಇಲ್ಲ. ಎಂಟು ತಿಂಗಳಾಯ್ತು. ದಿಂಬು ಎರಡೂ ಹೋಗಿ, ಈಗ ಕೈಯಲ್ಲಿ ಎರಡು ಕೇಜಿ ಅಕ್ಕಿ ಚೀಲ ಬಂದಿದೆ. ಹೋದ ತಿಂಗಳ ಖಾಲಿ ಹೊಟ್ಟೆಯ ಸಕ್ಕರೆ 101. ರಾತ್ರಿ ಅನ್ನ ಕಮ್ಮಿ ಮಾಡಿದ್ದಾಳೆ, ಹಾಗಾಗಿ ಎಲ್ಲ ಶ್ರೇಯ ಮೂರು ಸೆಟ್ಟಿಗೆ ಕೊಡೋ ಹಾಗಿಲ್ಲ. ಆದ್ರೆ ಗೌರಿ ಹಬ್ಬದ ದಿನ ಪೂಜೆಗೆ ಕೆಳಗೆ ಕೂತವಳು ಮಂಗಳಾರತಿ ತಟ್ಟೆ ಹಿಡಿದುಕೊಂಡೇ, ನೆಲಕ್ಕೆ ಕೈ ಊರದೆ ಎದ್ದಳು. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಅವಳೂ ಗಮನಿಸಿದಳು ಅನ್ಸುತ್ತೆ, ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಶೀಟನ್ನ ಈಗ ಪೂರ್ತಿ ಬದಲಿಸಿದ್ದೇನೆ. ಗುರಿ ಅನ್ನೋ ಕಾಲಂ ಇನ್ನೂ ಇದೆ, ಆದ್ರೆ ಹಿಂದಕ್ಕೆ ಹೋಗಿದೆ. ಮೊದಲ ಪ್ರಶ್ನೆ, ಹಿಂದಿನ ಸಲ ವ್ಯಾಯಾಮ ಯಾಕೆ ಬಿಟ್ರಿ? ಆಮೇಲೆ, ನಿಮ್ಮ ಅತಿ ಕೆಟ್ಟ ವಾರದಲ್ಲೂ ಎಷ್ಟು ದಿನ ಗ್ಯಾರಂಟಿ? ಯಾವ ಚಲನೆಗೆ ಎಲ್ಲಿ ನೋವು? ಎಷ್ಟು ಗಂಟೆ ನಿದ್ದೆ? ಮಾಡುವಾಗ ಯಾರಾದರೂ ನೋಡ್ತಿರ್ತಾರಾ, ಇಲ್ಲಾ ಮನೆಯಲ್ಲಿ ಒಬ್ಬರೇನಾ? ಇವು ತುಂಬಿದ ಮೇಲೆ ವ್ಯಾಯಾಮಗಳು, ಅವಾದ ಮೇಲೆ ಕಟ್ಟಕಡೆಗೆ ಫಾರ್ಮ್ಯಾಟ್. ಆ ಕಾಲಂ ಮಾತ್ರ ತಾನಾಗೇ ತುಂಬಲ್ಲ. ಟ್ರೇನರ್ ಕೈಯಾರೆ ಟೈಪ್ ಮಾಡಬೇಕು, ಪಕ್ಕದ ಕಾಲಂನಲ್ಲಿ ಯಾಕೆ ಅಂತ ಒಂದು ಸಾಲು ಬರೀಬೇಕು. ಬರೆಯದೇ ಇದ್ರೆ ಪ್ಲಾನ್ ಪ್ರಿಂಟ್ ಆಗಲ್ಲ.

ಮೊದಲ ದಿನವೇ ಫೋನ್ ಬಂತು. "ಅಣ್ಣಾ, ಶೀಟ್‌ನಲ್ಲಿ ಬಗ್ ಇದೆ, ಫಾರ್ಮ್ಯಾಟ್ ಖಾಲಿ ಬರ್ತಿದೆ." ಬಗ್ ಅಲ್ಲ ಕಣೋ ಅಂತ ವಿವರಿಸಿದೆ. ಬೈದ. ಈಗ ಬರೀತಿದ್ದಾನೆ. ಮೊನ್ನೆ ಒಂದು ಸಾಲು ನೋಡಿದೆ: "ರಾತ್ರಿ ಪಾಳಿ ಡ್ರೈವರು, ದಿನಕ್ಕೆ 5 ಗಂಟೆ ನಿದ್ದೆ, ಹಿಟ್ ಬೇಡ. ಎದುರುಬದುರು ಸ್ನಾಯುಗಳಿಗೆ ಜೋಡಿ ಜೋಡಿ ಸೆಟ್ಟು, 35 ನಿಮಿಷಕ್ಕೆ ಮನೆಗೆ." ನಾನು ಬರೆದ ಯಾವ ಕೋಡೂ ಇಷ್ಟು ಚೆನ್ನಾಗಿ ಬರೀತಿರಲಿಲ್ಲ.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಅವನ ಬೆಳಗಿನ ಆರೂವರೆ ಬ್ಯಾಚು. ಇಪ್ಪತ್ತು ಜನ, ಅದರಲ್ಲಿ ಹದಿನೈದು ಜನ ಹುಡುಗರು, ಮೂರ್ನಾಲ್ಕು ಜನ ಅಮ್ಮನ ವಯಸ್ಸಿನವರು, ಒಂದೇ ವಿಸಿಲ್ಲು, ಒಂದೇ ಹಾಡು. ದೊಡ್ಡವರಿಗೆ ಬೇರೆ ಮೂಲೆ ಮಾಡಿದ್ರೆ "ನಮ್ಮನ್ನ ಮುದುಕರು ಅಂದ್ಕೊಂಡ್ಯೇನಪ್ಪಾ" ಅಂತ ಬೇಜಾರು ಮಾಡ್ಕೋತಾರಂತೆ. ಸದ್ಯಕ್ಕೆ ಸುತ್ತಿನ ಸಂಖ್ಯೆ ಬರೆಯೋ ಬೋರ್ಡನ್ನ ಗೋಡೆಯಿಂದ ಇಳಿಸಿದ್ದಾನೆ, ವಿಶ್ರಾಂತಿಯನ್ನ 10 ಸೆಕೆಂಡಿನಿಂದ 40ಕ್ಕೆ ಏರಿಸಿದ್ದಾನೆ. ಹುಡುಗರು ಗೊಣಗ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಟ್ರೇನರುಗಳಿದ್ರೆ, ಅಥವಾ ಇಂಥ ಬ್ಯಾಚಿಗೆ ಹೋಗೋ ದೊಡ್ಡವರು ಮನೆಯಲ್ಲಿದ್ರೆ, ನಿಮ್ಮಲ್ಲಿ ಹೇಗೆ ನಡೆಸ್ತಾರೆ ಹೇಳಿ. ಅವನಿಗೆ ತಲುಪಿಸ್ತೀನಿ. ಈಗ ಏಳಬೇಕು, ಶುಕ್ರವಾರ, ಅಮ್ಮ ಬಕೆಟ್ ತುಂಬಿಸಿಟ್ಟು ಕರೀತಿದ್ದಾಳೆ.